ಅಲ್‌ಉಲಾದ ಬಂಡೆಗಳನ್ನೂ ಹೆಗ್ರಾದ ಗೋರಿಗಳನ್ನೂ ಸೂರ್ಯಾಸ್ತದ ವೇಳೆ ಹೆಲಿಕಾಪ್ಟರಿನಿಂದ ನೋಡುವುದು ಸೂಕ್ತವೇ?

ಪ್ರಶ್ನೆ: ಕೋಥ್ರೂಡ್ ನಿವಾಸಿ, ಪುಣೆ

ಎಲ್ಲರಿಗೂ ನಮಸ್ಕಾರ. ನಾವು ಮೂಲತಃ ಗುಳೇದಗುಡ್ಡದವರು. ಮೂವತ್ತು ವರ್ಷಗಳಿಂದ ಪುಣೆಯ ಕೋಥ್ರೂಡಿನಲ್ಲಿ ನೆಲೆಸಿದ್ದೇವೆ. ಮಗಳು ಮತ್ತು ಅಳಿಯ ಜೆಡ್ಡಾದಲ್ಲಿ ಕೆಲಸದಲ್ಲಿದ್ದು, ಬರುವ ಡಿಸೆಂಬರಿನಲ್ಲಿ ನಮ್ಮಿಬ್ಬರನ್ನೂ ನನ್ನ ತಾಯಿಯವರನ್ನೂ ಕರೆಸಿಕೊಂಡು ಮೂರು ದಿನ ಅಲ್‌ಉಲಾ ತೋರಿಸಬೇಕೆಂದು ಯೋಚಿಸಿದ್ದಾರೆ. ಮದೀನಾದಿಂದ ಉತ್ತರಕ್ಕೆ ಸುಮಾರು 300 ಕಿಲೋಮೀಟರ್ ದೂರದಲ್ಲಿರುವ ಈ ಕಣಿವೆಯ ಬಳಿಯೇ, ಎರಡು ಸಾವಿರ ವರ್ಷಗಳ ಹಿಂದಿನ ಅರಬ್ ವ್ಯಾಪಾರಿ ಜನರಾದ ನಬತೀಯರು ಬಂಡೆ ಕೊರೆದು ಮಾಡಿದ ಹೆಗ್ರಾದ ಗೋರಿಗಳಿವೆ. 2008ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ, ಸೌದಿ ಅರೇಬಿಯದ ಮೊದಲ ತಾಣ ಅದು.

ಮಗಳು ಅಲ್ಲಿ ಸೂರ್ಯಾಸ್ತದ ಹೊತ್ತಿನ ಅರ್ಧ ಗಂಟೆಯ ಹೆಲಿಕಾಪ್ಟರ್ ವಿಹಾರವನ್ನು ಕಾಯ್ದಿರಿಸಬೇಕೆನ್ನುತ್ತಿದ್ದಾಳೆ. ಅಮ್ಮನಿಗೆ ಈಗ 76 ವರ್ಷ, ಮೊಣಕಾಲು ನೋವಿನಿಂದಾಗಿ ಮರಳಿನಲ್ಲಿ ಹೆಚ್ಚು ನಡೆಯಲಾರರು, ಮೇಲಿನಿಂದಾದರೂ ಎಲ್ಲವನ್ನೂ ನೋಡಲಿ ಎಂಬುದು ಅವಳ ಆಸೆ. ಆದರೆ ಬಾದಾಮಿಯ ಕೆಂಪು ಗುಡ್ಡಗಳ ನೆರಳಿನಲ್ಲಿ ಬೆಳೆದ ನನಗೆ, ಕಲ್ಲಿನ ಕೆಲಸವನ್ನು ಅದರ ಬುಡದಲ್ಲಿ ನಿಂತು ಕತ್ತೆತ್ತಿ ನೋಡಿದರೆ ಮಾತ್ರ ನೋಡಿದಂತಾಗುತ್ತದೆ. ಇಷ್ಟು ಹಣ ತೆತ್ತು ಹಾರಿದರೆ ನಿಜಕ್ಕೂ ಏನಾದರೂ ತಿಳಿಯುತ್ತದೆಯೇ, ಅಥವಾ ಕೆಂಪು ಆಕಾಶದ ನಾಲ್ಕು ಚಿತ್ರಗಳಷ್ಟೇ ಉಳಿಯುತ್ತವೆಯೇ? ವಯಸ್ಸಾದವರನ್ನು ಕೂರಿಸಿಕೊಂಡು ಹೋಗುವುದು ಸರಿಯೇ? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ: ವಾಶಿಯ ಪ್ರವಾಸಿ, ನವಿ ಮುಂಬಯಿ

ನಮಸ್ಕಾರ ಸರ್. ನಾನು ಕೊಲ್ಲಿ ರಾಷ್ಟ್ರಗಳಲ್ಲಿ ಹದಿನಾಲ್ಕು ವರ್ಷ ದುಡಿದು ಈಗ ವಾಶಿಗೆ ಮರಳಿದ್ದೇನೆ. ಅಲ್‌ಉಲಾಕ್ಕೆ ಎರಡು ಬಾರಿ ಹೋಗಿದ್ದು, ಎರಡನೆಯ ಬಾರಿ ಹೆಲಿಕಾಪ್ಟರಿನಲ್ಲಿ ಹಾರಿದ್ದೇನೆ. ಮೊದಲ ಸಲ ನೆಲದ ಮೇಲೆಯೇ ಮೂರು ದಿನ ಓಡಾಡಿದ್ದರೂ ಆ ಊರು ಅಲ್ಲಿಯೇ ಏಕೆ ಹುಟ್ಟಿತೆಂಬುದು ನನಗೆ ಹೊಳೆದಿರಲಿಲ್ಲ, ಅದು ಅರ್ಥವಾದದ್ದು ಮೇಲೇರಿದ ಮೊದಲ ಐದು ನಿಮಿಷಗಳಲ್ಲಿ.

ಪಶ್ಚಿಮಕ್ಕೆ ಹರ್ರತ್ ಉವೈರಿದ್ ಎಂಬ ಕರಿಕಲ್ಲಿನ ಪ್ರಸ್ಥಭೂಮಿ ಹಾಸಿಕೊಂಡಿದೆ. ನಮ್ಮ ಸಹ್ಯಾದ್ರಿಯ ನೆತ್ತಿಗಳಂತೆಯೇ ಅದೂ ಲಾವಾ ಹರಿದು ಹೆಪ್ಪುಗಟ್ಟಿದ ಬಸಾಲ್ಟ್, ಆದರೆ ಅದರ ಮೇಲೆ ಒಂದು ಹುಲ್ಲುಕಡ್ಡಿಯೂ ಕಾಣಿಸದು. ಅದರ ಅಂಚು ಮುರಿದಲ್ಲೆಲ್ಲ ಕೆಳಗಿನ ಮರಳುಗಲ್ಲು ಹೊರಬಿದ್ದು, ಗಾಳಿಯೂ ನೀರೂ ಸೇರಿ ಅದನ್ನು ಕಂಬ, ಕಮಾನು, ಗೋಪುರಗಳ ಆಕಾರಕ್ಕೆ ತಂದಿವೆ. ಸೊಂಡಿಲನ್ನು ನೆಲಕ್ಕೆ ಊರಿ ನಿಂತಂತಿರುವ 52 ಮೀಟರ್ ಎತ್ತರದ ಆನೆಬಂಡೆ, ಅಂದರೆ ಜಬಲ್ ಅಲ್‌ಫೀಲ್, ಆದದ್ದೂ ಹೀಗೆಯೇ. ಕಪ್ಪು ಮತ್ತು ಕೆಂಪು ಗೋಡೆಗಳ ನಡುವೆ ಖರ್ಜೂರದ ತೋಟಗಳ ಹಸಿರು ಒಂದು ಕಿರಿದಾದ ಪಟ್ಟಿಯಂತೆ ಸಾಗುತ್ತದೆ. ನೀರು ಎಲ್ಲಿದೆಯೆಂದು ಯಾರೂ ಹೇಳಬೇಕಾಗಿಲ್ಲ. ದಕ್ಷಿಣ ಅರೇಬಿಯದಿಂದ ಧೂಪದ ಹೊರೆ ಹೊತ್ತು ಬಂದ ಒಂಟೆಗಳ ಸಾಲಿಗೆ ಈ ಹಸಿರು ಪಟ್ಟಿಯ ಹೊರತು ಬೇರೆ ದಾರಿ ಇರಲಿಲ್ಲವೆಂಬುದು ಅಲ್ಲಿಂದ ಕಣ್ಣಿಗೇ ಕಾಣುತ್ತದೆ. ನಬತೀಯರಿಗಿಂತ ಹಿಂದಿನ ರಾಜಧಾನಿಯಾದ ದಾದಾನಿನ ಅವಶೇಷಗಳು, ಅಲ್‌ಉಲಾದ ಹಳೆಯ ಊರಿನ ಒಂದಕ್ಕೊಂದು ಅಂಟಿಕೊಂಡ ಮಣ್ಣಿನ ಮನೆಗಳು, ಡಮಾಸ್ಕಸ್‌ನಿಂದ ಮದೀನಾಕ್ಕೆ 1908ರಲ್ಲಿ ತಲುಪಿದ ಹಿಜಾಜ್ ರೈಲುಮಾರ್ಗದ ಉಳಿಕೆಗಳು, ಎಲ್ಲವೂ ಆ ಒಂದೇ ಗೆರೆಯನ್ನು ಹಿಡಿದು ನಡೆದಿವೆ. ಊರಿನಿಂದ ಸುಮಾರು 20 ಕಿಲೋಮೀಟರ್ ಉತ್ತರಕ್ಕೆ ಕಣಿವೆ ಅಗಲವಾಗಿ ಬಯಲಾಗುತ್ತದೆ, ಆ ಬಯಲೇ ಹೆಗ್ರಾ.

ಸಮಯದ ವಿಷಯದಲ್ಲಿ ಒಂದು ಮಾತನ್ನು ಖಂಡಿತ ಗಮನಿಸಿ. ಡಿಸೆಂಬರಿನಲ್ಲಿ ಅಲ್ಲಿ ಸುಮಾರು 5.40ಕ್ಕೆ ಸೂರ್ಯ ಮುಳುಗುತ್ತಾನೆ. ಆದರೆ ಪಶ್ಚಿಮದಲ್ಲಿ ಎತ್ತರದ ಪ್ರಸ್ಥಭೂಮಿ ಇರುವುದರಿಂದ ಕಣಿವೆಯ ತೋಟಗಳ ಮೇಲೆ ನೆರಳು ಅದಕ್ಕಿಂತ ಬಹಳ ಮೊದಲೇ ಬೀಳುತ್ತದೆ. ‘ಸೂರ್ಯಾಸ್ತದ ವಿಹಾರ’ ಎಂದು ಕೊನೆಯ ಹಾರಾಟವನ್ನೇ ಹಿಡಿದರೆ ಆಕಾಶ ಸುಂದರವಾಗಿರುತ್ತದೆ, ನೆಲ ಮಾತ್ರ ಬೂದಿಬಣ್ಣಕ್ಕೆ ತಿರುಗಿರುತ್ತದೆ. 4.30ರ ಸುಮಾರಿಗೆ ಹೊರಡುವ ಹಾರಾಟ ಸಿಕ್ಕಿದರೆ ಅದನ್ನೇ ಆರಿಸಿಕೊಳ್ಳಿ. ಆಗ ಬಿಸಿಲು ಓರೆಯಾಗಿ ಬೀಳುತ್ತಿದ್ದು, ಪ್ರತಿಯೊಂದು ಬಂಡೆಯ ನೆರಳೂ ಅದರ ಎತ್ತರದ ಹಲವು ಪಟ್ಟು ಉದ್ದವಾಗಿ ಮರಳಿನ ಮೇಲೆ ಮಲಗಿರುತ್ತದೆ. ನೆತ್ತಿಯ ಬಿಸಿಲಿನಲ್ಲಿ ಚಪ್ಪಟೆಯಾಗಿ ಕಾಣುವ ನೆಲದ ಏರಿಳಿತ ತಿಳಿಯುವುದೇ ಈ ನೆರಳುಗಳಿಂದ.

ಉತ್ತರ: ಡೊಂಬಿವಲಿಯ ಶಾಸನಾಸಕ್ತ

ಮೇಲಿನವರ ಮಾತನ್ನು ಗೌರವಿಸುತ್ತಲೇ ನನ್ನ ಭಿನ್ನಾಭಿಪ್ರಾಯವನ್ನು ಹೇಳುತ್ತೇನೆ. ಹಣವೂ ಸಮಯವೂ ಒಂದಕ್ಕೆ ಮಾತ್ರ ಸಾಕಾಗುವಂತಿದ್ದರೆ ನೆಲವನ್ನೇ ಆರಿಸಿಕೊಳ್ಳಿ. ಹೆಗ್ರಾದಲ್ಲಿ ನೂರಕ್ಕೂ ಹೆಚ್ಚು ದೊಡ್ಡ ಗೋರಿಗಳಿದ್ದು, ಅವುಗಳಲ್ಲಿ 94ರ ಮುಖಭಾಗ ಅಲಂಕೃತವಾಗಿದೆ. ಅವು ಒಂದೇ ದಿಕ್ಕಿಗೆ ಮುಖ ಮಾಡಿಲ್ಲ. ಬಂಡೆ ಎತ್ತ ತಿರುಗಿದೆಯೋ ಗೋರಿಯೂ ಅತ್ತಲೇ ತಿರುಗಿದೆ. ಹೀಗಾಗಿ ಪೂರ್ವಾಭಿಮುಖವಾದವು ಸಂಜೆಯ ಹೊತ್ತಿಗೆ ಪೂರ್ತಿ ನೆರಳಿನಲ್ಲಿರುತ್ತವೆ, ಆಕಾಶದಿಂದ ನೋಡಿದವರಿಗೆ ಅವು ಕಪ್ಪು ಗೋಡೆಗಳಷ್ಟೇ.

ಅದಕ್ಕಿಂತ ಮುಖ್ಯವಾದ ಕಾರಣ ಶಾಸನಗಳು. ಮೂವತ್ತಕ್ಕೂ ಹೆಚ್ಚು ಗೋರಿಗಳ ಬಾಗಿಲ ಮೇಲೆ ನಬತೀಯ ಲಿಪಿಯ ಬರಹಗಳಿವೆ. ಕ್ರಿಸ್ತಶಕದ ಆರಂಭದಿಂದ ಸುಮಾರು 75ರವರೆಗಿನ ತೇದಿಗಳು ಅವುಗಳಲ್ಲಿ ಸಿಗುತ್ತವೆ. ಗೋರಿ ಯಾರದು, ಅದರೊಳಗೆ ಯಾರನ್ನು ಹೂಳಬಹುದು, ಮಾರುವವನಿಗೆ ಅಥವಾ ಅಡವಿಡುವವನಿಗೆ ಯಾವ ಶಾಪ ತಟ್ಟುತ್ತದೆ, ದುಶರಾ ದೇವರಿಗೂ ನಬತೀಯರ ಅರಸ ಹಾರಿತತನಿಗೂ ಎಷ್ಟು ದಂಡ ತೆರಬೇಕು ಎಂಬುದನ್ನು ಅವು ಹೇಳುತ್ತವೆ, ಕೆಲವೆಡೆ ಕೊರೆದ ಶಿಲ್ಪಿಯ ಹೆಸರೂ ಇದೆ. ನಮ್ಮ ದಾನಶಾಸನಗಳ ಕೊನೆಯಲ್ಲಿ ‘ಇದನ್ನು ಅಳಿದವನು ವಾರಣಾಸಿಯಲ್ಲಿ ಸಾವಿರ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನು’ ಎಂಬ ಶಾಪವನ್ನು ಓದಿ ಬೆಳೆದ ನಮಗೆ ಆ ಸಾಲುಗಳು ಪರಕೀಯವೆನಿಸುವುದೇ ಇಲ್ಲ. ಗೋರಿಗಳ ಒಡೆಯರಲ್ಲಿ ಹೆಂಗಸರೂ ಇದ್ದರು. ವಹ್ಬುವಿನ ಮಗಳು ಹಿನಾತ್ ತನಗೂ ತನ್ನ ಸಂತತಿಗೂ ಮಾಡಿಸಿಕೊಂಡ ಗೋರಿಯ ಬಾಗಿಲಲ್ಲಿ ನಿಂತು ಆ ಹೆಸರನ್ನು ಕೇಳುವ ಅನುಭವವನ್ನು ಯಾವ ಹಾರಾಟವೂ ಕೊಡಲಾರದು. ಹೆಗ್ರಾದೊಳಗೆ ಸ್ವಂತ ವಾಹನಕ್ಕೆ ಅವಕಾಶವಿಲ್ಲ. ಬಸ್ಸಿನಲ್ಲಿ ಕರೆದೊಯ್ಯುತ್ತಾರೆ, ‘ರಾವಿ’ ಎಂದು ಕರೆಯುವ ಸ್ಥಳೀಯ ಕಥನಕಾರರು ಜೊತೆಗಿದ್ದು ವಿವರಿಸುತ್ತಾರೆ. ಬಸ್ಸು ಗೋರಿಗಳ ಸಮೀಪದವರೆಗೂ ಹೋಗುವುದರಿಂದ ತಾಯಿಯವರಿಗೂ ಅಸಾಧ್ಯವೇನಲ್ಲ.

ಇನ್ನು ಕಸ್ರ್ ಅಲ್‌ಫರೀದ್. ಒಂಟಿ ಬಂಡೆಯೊಂದರಲ್ಲಿ ಕುಜಾನ ಮಗ ಲಿಹ್ಯಾನನಿಗಾಗಿ ಕೊರೆದ ಈ ಗೋರಿ ಪೂರ್ಣಗೊಳ್ಳಲೇ ಇಲ್ಲ. ಮೇಲ್ಭಾಗದ ಮೆಟ್ಟಿಲಿನಾಕಾರದ ಕೆತ್ತನೆಗಳು ನುಣುಪಾಗಿವೆ, ಬುಡದತ್ತ ಬಂದಂತೆ ಉಳಿಯ ಗುರುತುಗಳು ಒರಟಾಗಿಯೇ ಉಳಿದಿವೆ. ಮೇಲಿನಿಂದ ಕೆಳಕ್ಕೆ ಕೊರೆಯುತ್ತ ಬಂದರೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದಲ್ಲಿ ಎಲ್ಲೋರದ ಕೈಲಾಸವನ್ನು ಕೊರೆದವರು ಹಿಡಿದದ್ದೂ ಇದೇ ಕ್ರಮ. ನೀವು ಪುಣೆಯಲ್ಲಿರುವವರು, ಹೊರಡುವ ಮೊದಲು ಒಮ್ಮೆ ಎಲ್ಲೋರಕ್ಕೆ ಹೋಗಿ ಬಂದರೆ ಕಣ್ಣು ಹದಗೊಳ್ಳುತ್ತದೆ.

ಉತ್ತರ: ವಾಸ್ಕೋದ ನಿವೃತ್ತ ತಂತ್ರಜ್ಞ, ಗೋವಾ

ಎರಡೂ ಉತ್ತರಗಳನ್ನು ಓದಿದೆ. ನಾನು ನೌಕಾಪಡೆಯಲ್ಲಿ ಹೆಲಿಕಾಪ್ಟರುಗಳ ದುರಸ್ತಿ ವಿಭಾಗದಲ್ಲಿದ್ದು ನಿವೃತ್ತನಾದವನು, ಆದ್ದರಿಂದ ಯಂತ್ರದ ಮತ್ತು ತಾಯಿಯವರ ಕ್ಷೇಮದ ಕುರಿತು ಮಾತ್ರ ಬರೆಯುತ್ತೇನೆ.

ಬಿಸಿಗಾಳಿ ತೆಳುವಾಗಿರುತ್ತದೆ. ಪಂಕಗಳು ಅಷ್ಟೇ ವೇಗದಲ್ಲಿ ತಿರುಗಿದರೂ ತೆಳುಗಾಳಿಯಲ್ಲಿ ಎತ್ತುವ ಶಕ್ತಿ ಕಡಿಮೆ. ಅಲ್‌ಉಲಾ ಪುಣೆಗಿಂತ ತುಸು ಎತ್ತರದ ಜಾಗವೂ ಹೌದು. ಆದ್ದರಿಂದ ಅಲ್ಲಿ ಪ್ರತಿಯೊಬ್ಬರ ತೂಕವನ್ನೂ ಕೇಳುತ್ತಾರೆ, ಕೆಲವೊಮ್ಮೆ ತೂಗಿಯೂ ನೋಡುತ್ತಾರೆ. ಯಂತ್ರದ ಸಮತೋಲಕ್ಕೆ ಹೊಂದುವಂತೆ ಆಸನ ಕೊಡುತ್ತಾರೆ. ‘ನನಗೆ ಇದೇ ಕಿಟಕಿ ಬೇಕು’ ಎಂದು ಹಠ ಹಿಡಿಯಬಾರದು, ತೂಕವನ್ನು ಕಡಿಮೆ ಮಾಡಿ ಹೇಳಲೇಬಾರದು. ಡಿಸೆಂಬರಿನ ಸಂಜೆ ತಂಪಾಗಿರುವುದರಿಂದ ಈ ತೊಂದರೆ ಹೆಚ್ಚಿರದು. ಮಧ್ಯಾಹ್ನ ಕಾದ ಬಂಡೆಗಳಿಂದ ಬಿಸಿಗಾಳಿ ಮೇಲೇಳುವಾಗ ಯಂತ್ರ ಕುಲುಕುವುದು ಹೆಚ್ಚು, ಸಂಜೆಯಾಗುತ್ತಿದ್ದಂತೆ ಅದು ಶಮನವಾಗುತ್ತದೆ. ವಯಸ್ಸಾದವರಿಗೆ ಸಂಜೆಯೇ ಒಳ್ಳೆಯದೆಂದು ನಾನು ಹೇಳುವುದು ಈ ಕಾರಣಕ್ಕೆ, ಆಕಾಶದ ಬಣ್ಣಕ್ಕಾಗಿ ಅಲ್ಲ.

ತಾಯಿಯವರಿಗೆ ಹೃದಯದ ಅಥವಾ ತಲೆಸುತ್ತಿನ ತೊಂದರೆಯಿದ್ದರೆ ವೈದ್ಯರನ್ನು ಕೇಳದೆ ಹತ್ತಿಸಬೇಡಿ. ಹೆಲಿಕಾಪ್ಟರ್ ವಿಮಾನದಷ್ಟು ಎತ್ತರಕ್ಕೆ ಹೋಗುವುದಿಲ್ಲವಾದ್ದರಿಂದ ಕಿವಿ ಕಟ್ಟುವುದು ಕಡಿಮೆ. ಸದ್ದು ಮಾತ್ರ ಬಹಳ. ಕಿವಿಗೆ ಕೊಡುವ ಹೆಡ್‌ಸೆಟ್ಟನ್ನು ಇಳಿಯುವವರೆಗೂ ತೆಗೆಯಬಾರದು. ಹತ್ತುವ ಮೆಟ್ಟಿಲು ಮೊಣಕಾಲು ನೋವಿನವರಿಗೆ ಎತ್ತರವೆನಿಸುತ್ತದೆ, ಕಾಲಿಡಲು ಸಣ್ಣ ಪೀಠ ಬೇಕೆಂದು ಕಾಯ್ದಿರಿಸುವಾಗಲೇ ತಿಳಿಸಿ. ಪಂಕ ತಿರುಗುತ್ತಿರುವಾಗ ಕೆಳಗಿನ ಗಾಳಿ ಬಲವಾಗಿರುವುದರಿಂದ ಅವರು ಸೀರೆಯುಟ್ಟಿದ್ದರೆ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಳ್ಳಲಿ, ಶಾಲನ್ನು ಚೀಲದೊಳಗೆ ಇಡಲಿ, ಕನ್ನಡಕಕ್ಕೆ ದಾರ ಕಟ್ಟಲಿ. ಸಿಬ್ಬಂದಿ ಕರೆದೊಯ್ಯುವ ದಾರಿಯನ್ನು ಬಿಟ್ಟು ಒಂದು ಹೆಜ್ಜೆಯೂ ಇಡಬೇಡಿ, ಬಾಲದ ಕಡೆಗಂತೂ ಯಾರೂ ಸುಳಿಯಬಾರದು. ಅಲ್ಲಿ ತಿರುಗುವ ಸಣ್ಣ ಪಂಕ ವೇಗದಿಂದಾಗಿ ಕಣ್ಣಿಗೇ ಕಾಣಿಸುವುದಿಲ್ಲ.

ಗಾಳಿ ಅಥವಾ ಧೂಳು ಹೆಚ್ಚಾದರೆ ಪೈಲಟ್ ಹಾರಾಟವನ್ನು ರದ್ದುಗೊಳಿಸುತ್ತಾರೆ. ಆ ನಿರ್ಧಾರಕ್ಕೆ ಬೇಸರಪಡಬೇಡಿ. ಅದಕ್ಕಾಗಿಯೇ ಕೊನೆಯ ದಿನಕ್ಕೆ ಇಟ್ಟುಕೊಳ್ಳದೆ ಮೊದಲ ದಿನಕ್ಕೆ ಕಾಯ್ದಿರಿಸಿ. ತಪ್ಪಿದರೆ ಇನ್ನೆರಡು ಸಂಜೆಗಳು ಉಳಿದಿರುತ್ತವೆ. ಚಿತ್ರ ತೆಗೆಯುವವರು ಗಾಢ ಬಣ್ಣದ ಬಟ್ಟೆ ಹಾಕಿಕೊಳ್ಳಲಿ, ಬಿಳಿ ಅಂಗಿ ಕಿಟಕಿಯಲ್ಲಿ ಪ್ರತಿಫಲಿಸಿ ಚಿತ್ರವನ್ನು ಕೆಡಿಸುತ್ತದೆ. ಕ್ಯಾಮೆರಾವನ್ನು ಗಾಜಿಗೆ ಒತ್ತಿ ಹಿಡಿದರೆ ನಡುಕವೂ ಸೇರಿಕೊಳ್ಳುತ್ತದೆ.

ಮರುಉತ್ತರ: ವಾಶಿಯ ಪ್ರವಾಸಿ, ನವಿ ಮುಂಬಯಿ

ಡೊಂಬಿವಲಿಯವರು ಶಾಸನಗಳ ಬಗ್ಗೆ ಬರೆದದ್ದನ್ನು ಪೂರ್ಣವಾಗಿ ಒಪ್ಪುತ್ತೇನೆ. ಹಿನಾತ್‌ಳ ಬಾಗಿಲಲ್ಲಿ ನಾನೂ ಬಹಳ ಹೊತ್ತು ನಿಂತಿದ್ದೆ. ಆದರೂ ಮೇಲಿನಿಂದ ನೋಡುವುದು ಬರಿಯ ಅಂದಕ್ಕಾಗಿ ಎಂಬ ಭಾವನೆ ಬರಬಾರದೆಂದು ಒಂದು ಮಾತು ಸೇರಿಸುತ್ತೇನೆ. ಅಲ್‌ಉಲಾ ಮತ್ತು ಸೌದಿಯದೇ ಊರಾದ ಖೈಬರ್ ಸುತ್ತಲಿನ ನೆಲದಲ್ಲಿ ‘ಮುಸ್ತತೀಲ್’ ಎಂದು ಕರೆಯುವ ಉದ್ದನೆಯ ಆಯತಾಕಾರದ ಕಲ್ಲುಕಟ್ಟೆಗಳಿವೆ. ಸುಮಾರು ಏಳು ಸಾವಿರ ವರ್ಷಗಳಷ್ಟು ಹಳೆಯವಾದ ಅವುಗಳ ಗೋಡೆಗಳು ಬಹುಪಾಲು ಎಷ್ಟು ತಗ್ಗಾಗಿವೆಯೆಂದರೆ, ಪಕ್ಕದಲ್ಲಿಯೇ ನಡೆದುಹೋದರೂ ಯಾರೋ ಕಲ್ಲು ಸುರಿದಿದ್ದಾರೆಂದು ಮುಂದೆ ಸಾಗುತ್ತೇವೆ. ಪುರಾತತ್ತ್ವಜ್ಞರು ಅಂಥ ಸಾವಿರಕ್ಕೂ ಹೆಚ್ಚು ರಚನೆಗಳನ್ನು ಗುರುತಿಸಿದ್ದು ಉಪಗ್ರಹ ಚಿತ್ರಗಳಿಂದ ಮತ್ತು ಹೆಲಿಕಾಪ್ಟರಿನಲ್ಲಿ ಕುಳಿತು ಮಾಡಿದ ಸಮೀಕ್ಷೆಯಿಂದ. ಒಂದನ್ನು ಅಗೆದಾಗ ದನಗಳ ಕೊಂಬು, ತಲೆಬುರುಡೆಗಳು ದೊರೆತವು. ಈಗ ಮರಳು ಬಿಟ್ಟರೆ ಏನೂ ಇಲ್ಲದ ಆ ನೆಲದಲ್ಲಿ ಹಿಂದೆ ದನಗಾಹಿಗಳು ಹಿಂಡು ಮೇಯಿಸುತ್ತಿದ್ದರು! ನಿಮ್ಮ ಹಾರಾಟದ ದಾರಿ ಅವುಗಳ ಮೇಲೆ ಹಾದುಹೋಗುತ್ತದೆಯೇ ಎಂದು ಮುಂಚಿತವಾಗಿ ವಿಚಾರಿಸಿ.

ಪ್ರಶ್ನೆ ಕೇಳಿದವರಿಂದ: ಕೋಥ್ರೂಡ್ ನಿವಾಸಿ, ಪುಣೆ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಷ್ಟು ವಿವರವಾಗಿ ಬರೆಯುವಿರೆಂದು ನಿರೀಕ್ಷಿಸಿರಲಿಲ್ಲ. ನಿನ್ನೆ ರಾತ್ರಿ ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ, ಮಗಳೊಂದಿಗೂ ಮಾತನಾಡಿದೆ. ಮೊದಲ ದಿನ ಸಂಜೆ 4.30ರ ಸುಮಾರಿನ ಹಾರಾಟ, ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಹೆಗ್ರಾ ಎಂದು ನಿಶ್ಚಯಿಸಿದ್ದೇವೆ. ಮೇಲಿನಿಂದ ನೋಡಿದ ಬಂಡೆಯನ್ನು ಮರುದಿನ ಕೆಳಗಿನಿಂದ ಹುಡುಕಿ ಗುರುತಿಸುವ ಸಂತೋಷವೂ ಇರುತ್ತದೆ. ವೈದ್ಯರ ಭೇಟಿ ಬರುವ ವಾರ. ಅವರು ಬೇಡವೆಂದರೆ ಹಾರಾಟವನ್ನು ಬಿಟ್ಟು ನೆಲದ ಮೇಲೆಯೇ ಎರಡು ದಿನ ಕಳೆಯುತ್ತೇವೆ.

ಅಮ್ಮ ಒಂದನ್ನು ಕೇಳಲು ಹೇಳಿದ್ದಾರೆ. ಅಷ್ಟೊಂದು ಜನ ಅಲ್ಲಿ ಬದುಕಿ ಸತ್ತಿದ್ದಾರೆಂದರೆ ಕುಡಿಯುವ ನೀರಿಗೆ ಏನು ಮಾಡಿದ್ದರು, ಅವರ ಬಾವಿಗಳು ಈಗಲೂ ಇವೆಯೇ, ಇದ್ದರೆ ಮೇಲಿನಿಂದ ಕಾಣಿಸುತ್ತವೆಯೇ?

ಮರುಉತ್ತರ: ವಾಶಿಯ ಪ್ರವಾಸಿ, ನವಿ ಮುಂಬಯಿ

ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ. ಇವೆ. ಹೆಗ್ರಾದ ಬಯಲಿನಲ್ಲಿ ನೂರಕ್ಕೂ ಹೆಚ್ಚು ಬಾವಿಗಳನ್ನು ಗುರುತಿಸಿದ್ದಾರೆ; ಹಲವನ್ನು ಬಂಡೆಯನ್ನೇ ಕೊರೆದು ಇಳಿಸಿದ್ದಾರೆ. ಜನ ವಾಸಿಸುತ್ತಿದ್ದ ಮನೆಗಳು ಹಸಿ ಇಟ್ಟಿಗೆಯವಾದ್ದರಿಂದ ಮಣ್ಣಾಗಿ ಹೋಗಿವೆ, ಉಳಿದಿರುವುದು ಗೋರಿಗಳು ಮತ್ತು ಬಾವಿಗಳು. ನಾನು ಹಾರಿದ ದಿನ ಎರಡು ಬಾವಿಗಳನ್ನು ಗುರುತಿಸಿದೆ, ಹಳದಿ ಮರಳಿನ ನಡುವೆ ಅಗಲ ಬಾಯಿಯ ಕಪ್ಪು ವೃತ್ತಗಳು. ಬೆಳಕು ಇಳಿದ ಮೇಲೆ ಅವು ಕಾಣಿಸುವುದಿಲ್ಲ, ಆದ್ದರಿಂದ ಹೆಗ್ರಾದ ಮೇಲೆ ಮೊದಲು ಹೋಗಿ ಆನೆಬಂಡೆಗೆ ಆಮೇಲೆ ಬರಲು ಸಾಧ್ಯವೇ ಎಂದು ಪೈಲಟ್ ಅವರನ್ನು ಹೊರಡುವ ಮುನ್ನವೇ ಕೇಳಿನೋಡಿ.