ಫೋರ್ಟ್ ಕೊಚ್ಚಿಯಲ್ಲಿ ಇಬ್ಬರಿಗೆ ಮೂರು ದಿನ: ಹೋಗಿ ಬಂದವರು ತಿಳಿಸಿ

ಮದುವೆಯಾಗಿ ಇಪ್ಪತ್ತೆರಡು ವರ್ಷಗಳ ಮೇಲೆ ಮೊದಲ ಸಲ ಮಕ್ಕಳನ್ನು ಬಿಟ್ಟು ನಾವಿಬ್ಬರೇ ಹೊರಟಿದ್ದೇವೆ. ಶುಕ್ರವಾರ ಬೆಳಿಗ್ಗೆ ಎರ್ನಾಕುಲಂ ತಲುಪಿ ಭಾನುವಾರ ರಾತ್ರಿ ಮರಳುವ ಯೋಚನೆ. ಹೆಂಡತಿಗೆ ಮಂಡಿನೋವು. ಎಲ್ಲಿ ಉಳಿಯಬೇಕು, ಏನನ್ನು ಬಿಡಬಹುದು?

ಮಂಗಳೂರಿನಿಂದ:
ಮೊದಲು ದಿನ ಬದಲಿಸಿ. ನಾವೂ ಶುಕ್ರವಾರ, ಶನಿವಾರ ಹೋಗಿ ಮುಚ್ಚಿದ ಬಾಗಿಲುಗಳನ್ನು ನೋಡಿಕೊಂಡು ಬಂದವರೇ. ಮಟ್ಟಾಂಚೇರಿ ಅರಮನೆಗೆ ಶುಕ್ರವಾರ ರಜೆ. ಅದರ ಬಗಲಿನಲ್ಲೇ ಇರುವ, 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್ (ಯೆಹೂದ್ಯರ ಪ್ರಾರ್ಥನಾ ಮಂದಿರ) ಶುಕ್ರವಾರ ಮಧ್ಯಾಹ್ನದಿಂದಲೇ ಬಂದ್, ಶನಿವಾರ ಅವರ ಸಬ್ಬತ್, ಅಂದರೆ ವಿಶ್ರಾಂತಿಯ ದಿನ. ನಮ್ಮ ಯಜಮಾನರು ಗಡಿಯಾರ ಗೋಪುರದ ಫೋಟೊ ತೆಗೆದು ಸಮಾಧಾನಪಟ್ಟುಕೊಂಡರು. ಮರುವರ್ಷ ಸೋಮವಾರ ಹೋದೆವು. ಚಪ್ಪಲಿ ಹೊರಗೆ ಬಿಟ್ಟು ಸಿನಗಾಗ್ ಒಳಗೆ ಕಾಲಿಟ್ಟರೆ ನೆಲಕ್ಕೆಲ್ಲ ಚೀನಾದಿಂದ ತಂದ ನೀಲಿ ಚಿತ್ತಾರದ ಬಿಲ್ಲೆಗಳು. ಕೈಯಲ್ಲಿ ಬರೆದವು, ಒಂದರಂತೆ ಇನ್ನೊಂದಿಲ್ಲ. ಜೋಡಿ ಹುಡುಕುತ್ತೇನೆಂದು ಹೊರಟು ಅರ್ಧ ಗಂಟೆ ಕಳೆದೆ. ಅರಮನೆಯನ್ನು ಕಟ್ಟಿಸಿಕೊಟ್ಟವರು ಪೋರ್ಚುಗೀಸರು, ರಿಪೇರಿ ಮಾಡಿಸಿದ ಡಚ್ಚರ ಹೆಸರಿನಲ್ಲಿ ಅದು ‘ಡಚ್ ಅರಮನೆ’! ರಾಜರ ಮಲಗುವ ಕೋಣೆಯ ಗೋಡೆಯ ತುಂಬ ಇರುವ ರಾಮಾಯಣವನ್ನು ಅವಸರದಲ್ಲಿ ನೋಡಬೇಡಿ.

ಬೆಂಗಳೂರಿನಿಂದ:
ಎರ್ನಾಕುಲಂನಲ್ಲಿ ಕೋಣೆ ಹಿಡಿಯಬೇಡಿ. ಫೋರ್ಟ್ ಕೊಚ್ಚಿಯ ಸೊಗಸು ಇರುವುದು ಬೆಳಗಿನ ಏಳರೊಳಗೆ ಮತ್ತು ಸಂಜೆ. ಎರ್ನಾಕುಲಂನಲ್ಲಿ ಉಳಿದರೆ ಆ ಎರಡೂ ಹೊತ್ತು ನೀವು ದಾರಿಯಲ್ಲಿರುತ್ತೀರಿ. ಅಲ್ಲಿಂದ ನೀರು ದಾಟಲು ಹೈಕೋರ್ಟ್ ನಿಲ್ದಾಣದಿಂದ ವಾಟರ್ ಮೆಟ್ರೊ ದೋಣಿ ಹಿಡಿಯಿರಿ. ಅದರ ಜೆಟ್ಟಿ ನೀರಿನ ಮೇಲೆ ತೇಲುವಂಥದ್ದು, ನೀರು ಏರಿದರೂ ಇಳಿದರೂ ದೋಣಿಯ ಮಟ್ಟಕ್ಕೇ ಇರುತ್ತದೆ. ಮಂಡಿನೋವಿನವರು ಕಾಲೆತ್ತಿ ಹತ್ತಬೇಕಿಲ್ಲ. ಹಳೆಯ ಸರ್ಕಾರಿ ದೋಣಿ ಇನ್ನೂ ಅಗ್ಗ, ಗಾಳಿಯೂ ಚೆನ್ನ, ಆದರೆ ಹತ್ತಿ ಇಳಿಯುವುದು ನಿಮ್ಮವರಿಗೆ ಕಷ್ಟ.

ಸೇಂಟ್ ಫ್ರಾನ್ಸಿಸ್ ಚರ್ಚನ್ನು ಬಿಡಬೇಡಿ. 1524ರಲ್ಲಿ ವಾಸ್ಕೊ ಡ ಗಾಮನನ್ನು ಹೂಳಿದ್ದು ಅಲ್ಲೇ. ಹದಿನಾಲ್ಕು ವರ್ಷಗಳ ನಂತರ ಅವಶೇಷಗಳನ್ನು ಪೋರ್ಚುಗಲ್ಲಿಗೆ ಒಯ್ದರು, ಸಮಾಧಿಯ ಕಲ್ಲು ಮಾತ್ರ ಉಳಿದಿದೆ. ನನಗೆ ಅದಕ್ಕಿಂತ ಹಿಡಿಸಿದ್ದು ಸಾಲಾಗಿ ತೂಗುವ ಹಳೆಯ ಬಟ್ಟೆಯ ಬೀಸಣಿಗೆಗಳು. ಹೊರಗೆ ಕುಳಿತು ಹಗ್ಗ ಎಳೆದು ಅವನ್ನು ಬೀಸುತ್ತಿದ್ದವನ ಹೆಸರು ಯಾವ ಕಲ್ಲಿನಲ್ಲೂ ಇಲ್ಲ.

ಶಿರಸಿಯಿಂದ:
ದಡದಲ್ಲಿ ಮೀನು ಹಿಡಿಯುವ ಚೀನೀ ಬಲೆಗಳ ಬಗ್ಗೆ ಒಂದು ಮಾತು. ನಾಲ್ಕೈದು ಜನ ಸೇರಿ ಎಳೆದರೆ ಹಗ್ಗಕ್ಕೆ ಕಟ್ಟಿದ ಗುಂಡುಕಲ್ಲುಗಳು ಕೆಳಗಿಳಿದು ಬಲೆ ಮೇಲೇಳುತ್ತದೆ. ನಮ್ಮ ಏತದ ಲೆಕ್ಕವೇ. ನಿಮ್ಮನ್ನೂ ಕರೆದು ಹಗ್ಗ ಕೊಡುತ್ತಾರೆ, ಆಮೇಲೆ ಹಣ ಕೇಳುತ್ತಾರೆ. ಮೀನು ಕಡಿಮೆ, ಕೊಡುವುದು ನ್ಯಾಯ, ಮೊದಲೇ ಮಾತಾಡಿಕೊಳ್ಳಿ. ಕಡಲತೀರದಲ್ಲಿ ಮಾತ್ರ ಆಸೆ ಇಟ್ಟುಕೊಳ್ಳಬೇಡಿ. ನಾವು ಹೋದಾಗ ಮರಳಿಗಿಂತ ಅಂತರಗಂಗೆಯೇ ಹೆಚ್ಚಿತ್ತು.

ಕೇಳಿದವರಿಂದ:
ಎಲ್ಲರಿಗೂ ಧನ್ಯವಾದ. ಟಿಕೆಟನ್ನು ಭಾನುವಾರಕ್ಕೆ ಬದಲಿಸಿದೆ. ಇವಳು ಓದಿ, ‘ಹಗ್ಗ ಎಳೆಯುವುದಕ್ಕೆ ಮಂಡಿ ಬೇಕಿಲ್ಲವಲ್ಲ’ ಎಂದಳು.