ಮೋಡಕಾಡಿನ ಬಟರ್‌ವರ್ಟ್: ಇಷ್ಟು ತೇವವಿರುವಲ್ಲಿ ಕೀಟಬೇಟೆ ಏಕೆ?

ಪ್ರಶ್ನೆ

ಡೊಮಿನಿಕನ್ ಗಣರಾಜ್ಯದ ಲೋಮಾ ಕಸಬಿಟೊ ಬೆಟ್ಟದ ಮೋಡಕಾಡಿನಲ್ಲಿ ಬೆಳೆಯುವ, ಆ ದೇಶದ ಹೊರಗೆ ಎಲ್ಲಿಯೂ ಸಹಜವಾಗಿ ಕಾಣಸಿಗದ ‘ಪಿಂಗ್ವಿಕ್ಯುಲಾ ಕಸಬಿಟೋಆನಾ’ ಎಂಬ ಬಟರ್‌ವರ್ಟ್ (ಅಂಟು ಎಲೆಗಳಿಂದ ಕೀಟಗಳನ್ನು ಹಿಡಿಯುವ) ಗಿಡದ ಬಗ್ಗೆ ಓದುತ್ತಿದ್ದೇನೆ. ಇದು ಬೇರೂರುವುದು ಮರಗಳ ಮೇಲೆ. ನನ್ನ ಸಂದೇಹಗಳು ಎರಡು. ಬಂದಳಿಕೆಯ ಹಾಗೆ ಇದೂ ಮರದ ರಸವನ್ನು ಹೀರುತ್ತದೆಯೇ? ಸದಾ ತೇವವಿರುವ ಅದೇ ಕಾಡಿನಲ್ಲಿ ಆರ್ಕಿಡ್‌ಗಳೂ ಜರೀಗಿಡಗಳೂ ಕೀಟಗಳ ಗೊಡವೆಯಿಲ್ಲದೆ ಸೊಂಪಾಗಿ ಬೆಳೆಯುತ್ತಿರುವಾಗ ಇದೊಂದಕ್ಕೆ ಮಾತ್ರ ಕೀಟಗಳು ಏಕೆ ಬೇಕಾದವು?

ಉತ್ತರ 1

ಇಲ್ಲ, ಇದು ಪರಾವಲಂಬಿಯಲ್ಲ, ಅಪ್ಪುಗಿಡ. ಮರದಿಂದ ಇದು ಪಡೆಯುವುದು ನಿಲ್ಲಲು ಜಾಗವನ್ನಷ್ಟೇ. ನೀರು ಮಂಜಿನಿಂದ ಮತ್ತು ಹಾವಸೆಯಿಂದ ಸಿಗುತ್ತದೆ. ಆದರೆ ಸಾರಜನಕ, ರಂಜಕಗಳು ಮಂಜಿನಲ್ಲಿ ಅತ್ಯಲ್ಪ, ಇದ್ದುದನ್ನೂ ಮಳೆ ತೊಳೆದುಕೊಂಡು ಹೋಗುತ್ತದೆ. ಆ ಕೊರತೆಯನ್ನು ಎಲೆ ತುಂಬಿಕೊಡುತ್ತದೆ.

ಬಟರ್‌ವರ್ಟ್ ಎಲೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಎರಡು ಬಗೆಯ ಗ್ರಂಥಿಗಳು ಕಾಣುತ್ತವೆ. ತೊಟ್ಟಿರುವ ಗ್ರಂಥಿಗಳ ತುದಿಯಲ್ಲಿ ಅಂಟು ಲೋಳೆಯ ಹನಿಯಿರುತ್ತದೆ. ಅದಕ್ಕೆ ಸಿಕ್ಕ ಸಣ್ಣ ನೊಣ ಒದ್ದಾಡಿದಷ್ಟೂ ಇನ್ನಷ್ಟು ಹನಿಗಳಿಗೆ ಅಂಟಿಕೊಳ್ಳುತ್ತದೆ. ಎಲೆಗೆ ಒತ್ತಿಕೊಂಡಿರುವ ತೊಟ್ಟಿಲ್ಲದ ಗ್ರಂಥಿಗಳು ಅಲ್ಲಿಯವರೆಗೆ ಒಣಗಿದಂತಿದ್ದು, ಬೇಟೆ ತಾಗಿದ ಮೇಲೆ ಕಿಣ್ವಗಳನ್ನು ಸ್ರವಿಸಿ, ಕರಗಿದ ಸಾರವನ್ನು ಹೀರಿಕೊಳ್ಳುತ್ತವೆ.

ಉತ್ತರ 2

ಮೇಲಿನ ವಿವರಣೆ ಸರಿಯೇ, ಆದರೆ ಪ್ರಶ್ನೆಯ ಅರ್ಧಕ್ಕೆ ಮಾತ್ರ ಉತ್ತರ. ಪೋಷಕಾಂಶಗಳ ಕೊರತೆ ಅಲ್ಲಿನ ಎಲ್ಲ ಅಪ್ಪುಗಿಡಗಳಿಗೂ ಇದೆ. ಆರ್ಕಿಡ್‌ಗಳು ಶಿಲೀಂಧ್ರಗಳ ನೆರವು ಪಡೆಯುತ್ತವೆ, ಅನಾನಸ್ ಕುಟುಂಬದ ಹಲವು ಬ್ರೊಮೀಲಿಯಡ್‌ಗಳು ಎಲೆಗಳ ನಡುವೆ ನೀರನ್ನೂ ಕಸಕಡ್ಡಿಯನ್ನೂ ಕೂಡಿಡುತ್ತವೆ. ಕೀಟಬೇಟೆ ಈ ಹಲವು ದಾರಿಗಳಲ್ಲಿ ಒಂದು, ಅದೂ ದುಬಾರಿಯಾದದ್ದು: ಲೋಳೆಗೂ ಕಿಣ್ವಗಳಿಗೂ ವ್ಯಯಿಸಿದ ಶಕ್ತಿಯನ್ನು ದ್ಯುತಿಸಂಶ್ಲೇಷಣೆಯಿಂದಲೇ ಗಳಿಸಬೇಕು. ಬೆಳಕು ಮತ್ತು ನೀರು ಧಾರಾಳವಾಗಿದ್ದು ಪೋಷಕಾಂಶಗಳಿಗೆ ಮಾತ್ರ ಬರವಿರುವಲ್ಲಿ ಈ ವೆಚ್ಚ ಲಾಭಕರವಾಗುತ್ತದೆ ಎಂದು ಸಸ್ಯವಿಜ್ಞಾನಿ ಗಿವ್ನಿಶ್ ಮತ್ತು ಸಂಗಡಿಗರು 1984ರಲ್ಲಿ ವಾದಿಸಿದರು. ಸಾಮಾನ್ಯ ಕಾಡಿನ ಮರಗಳ ಮೇಲೆ ಈ ಮೂರೂ ಕೂಡಿಬರುವುದು ಅಪರೂಪ. ನೆತ್ತಿಯಲ್ಲಿ ಬೆಳಕಿದ್ದರೆ ಒಣಹವೆ, ಕೆಳಗೆ ತೇವವಿದ್ದರೆ ನೆರಳು. ಗಾಳಿಗೆ ಮರಗಳು ಗಿಡ್ಡವಾಗಿಯೇ ಉಳಿಯುವ ಮೋಡ ಮುಸುಕಿದ ಬೆಟ್ಟದ ಏಣುಗಳಲ್ಲಿ ಮಾತ್ರ ಬೆಳಕೂ ತೇವವೂ ಒಂದೇ ಕೊಂಬೆಯ ಮೇಲೆ ಸಿಗುತ್ತವೆ. ಆದ್ದರಿಂದಲೇ ಬಹುಪಾಲು ಬಟರ್‌ವರ್ಟ್‌ಗಳು ನೆಲ, ಬಂಡೆಗಳನ್ನೇ ನೆಚ್ಚಿಕೊಂಡಿವೆ, ಮರವೇರಿದವು ಬೆರಳೆಣಿಕೆಯಷ್ಟು ಎಂಬುದು ನನ್ನ ಅಭಿಪ್ರಾಯ. ಕ್ಯೂಬಾದ ‘ಲಿಗ್ನಿಕೋಲಾ’ ಮತ್ತು ಮೆಕ್ಸಿಕೋದ ಓಹಾಕಾ ಪ್ರಾಂತ್ಯದ ‘ಹೆಮಿಎಪಿಫಿಟಿಕಾ’ ಆ ಗುಂಪಿನವು.

ಪ್ರಶ್ನೆ ಕೇಳಿದವರು

ಬೆಳಕಿನ ಲೆಕ್ಕ ನನಗೆ ಹೊಳೆದಿರಲಿಲ್ಲ, ಧನ್ಯವಾದಗಳು. ಆದರೆ ಅಷ್ಟು ಪುಟ್ಟ ಎಲೆಗೆ ಸಾಕಾಗುವಷ್ಟು ಬೇಟೆ ನಿಜಕ್ಕೂ ಸಿಗುತ್ತದೆಯೇ?

ಉತ್ತರ 3

ಈ ಪ್ರಭೇದಕ್ಕಲ್ಲದಿದ್ದರೂ ಅದರ ಯುರೋಪಿನ ಬಂಧುವಿಗೆ ಹಳೆಯದೊಂದು ಎಣಿಕೆಯಿದೆ. ಚಾರ್ಲ್ಸ್ ಡಾರ್ವಿನ್ 1875ರಲ್ಲಿ ಪ್ರಕಟಿಸಿದ ಕೀಟಾಹಾರಿ ಸಸ್ಯಗಳ ಗ್ರಂಥದಲ್ಲಿ, ಉತ್ತರ ವೇಲ್ಸ್‌ನಿಂದ ತಮಗೆ ಬಂದ 39 ಎಲೆಗಳ ಪೈಕಿ 32ರಲ್ಲಿ ಒಟ್ಟು 142 ಕೀಟಗಳು ಅಂಟಿಕೊಂಡಿದ್ದವೆಂದು ದಾಖಲಿಸಿದ್ದಾರೆ. ಪರಾಗ ಮತ್ತು ಬೀಜಗಳು ಅಂಟಿಕೊಂಡಾಗಲೂ ಗ್ರಂಥಿಗಳು ಸ್ರವಿಸುವುದನ್ನು ಅವರು ಗಮನಿಸಿದ್ದರು. ಹಾಗಾಗಿ ಇದನ್ನು ಶುದ್ಧ ಮಾಂಸಾಹಾರಿ ಎನ್ನುವುದೂ ಪೂರ್ತಿ ಸರಿಯಲ್ಲ. ಬೇಟೆ ಬಿದ್ದಾಗ ಎಲೆಯಂಚು ನಿಧಾನವಾಗಿ ಒಳಕ್ಕೆ ಸುರುಳಿಕೊಳ್ಳುವುದನ್ನೂ ಅವರು ಪರೀಕ್ಷಿಸಿದರು. ಮಳೆ ಬಂದಾಗ ಕೀಟಗಳು ಕೊಚ್ಚಿಹೋಗದಂತೆ ಇದು ತಡೆಯಬಹುದೆಂಬುದು ಅವರ ಊಹೆಗಳಲ್ಲೊಂದು. ಮೋಡಕಾಡಿನ ಗಿಡಕ್ಕೆ ಈ ಪ್ರಶ್ನೆ ಇನ್ನೂ ಮುಖ್ಯ, ಏಕೆಂದರೆ ಮಂಜು ಲೋಳೆಯನ್ನು ಒಣಗದಂತೆ ಕಾಪಾಡಿದರೆ ಜಡಿಮಳೆ ಅದನ್ನೇ ತೊಳೆದುಬಿಡುತ್ತದೆ.