ಅಲ್ಯೂಮಿನಿಯಂಗೆ ಫೈಲ್ ಹೊಡೆದರೆ ಗೀರು ಯಾಕೆ? ಫಿಟ್ಟರ್ ಮೇಷ್ಟ್ರಿಗೆ ಪ್ರಶ್ನೆಗಳು

ತುಮಕೂರಿನವರು: ಸರ್, 6 ಎಂಎಂ ಅಲ್ಯೂಮಿನಿಯಂ ಪ್ಲೇಟಿನ ಅಂಚಿಗೆ ಸ್ಮೂತ್ ಫೈಲ್ (ಸಣ್ಣ ಹಲ್ಲಿನ ಅರ) ಹೊಡೆಯುತ್ತಿದ್ದೇನೆ. ಮೊದಲು ಚೆನ್ನಾಗಿ ಬರುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಆಳವಾದ ಗೀರು. ಯಾಕೆ?

ಮೇಷ್ಟ್ರು: ಫೈಲನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಹಲ್ಲುಗಳ ನಡುವೆ ಬಿಳಿ ಚುಕ್ಕೆ ಹೊಳೆಯುತ್ತದೆ, ಅಲ್ವಾ? ಕಚ್ಚಿಕೊಂಡ ಪುಡಿ ಅದು. ಪಿನ್ನಿಂಗ್ ಅಂತೀವಿ. ಗೀಚುತ್ತಿರುವುದು ಅದೇ. ವೈರ್ ಬ್ರಷ್ಷಿಗೆ ಬರದಿದ್ದರೆ ಹಿತ್ತಾಳೆ ಪಟ್ಟಿಯ ತುದಿಯನ್ನು ಹಲ್ಲಿನ ಸಾಲಿನುದ್ದಕ್ಕೆ ತಳ್ಳಿ. ತಳ್ಳುತ್ತಾ ತಳ್ಳುತ್ತಾ ಪಟ್ಟಿಯಲ್ಲೇ ಹಲ್ಲಿನ ಅಚ್ಚು ಮೂಡಿ ಬುಡದ ತನಕ ಹೋಗುತ್ತದೆ. ಆಮೇಲೆ ಫೈಲಿಗೆ ಸೀಮೆಸುಣ್ಣ ತಿಕ್ಕಿ. ಜಾಸ್ತಿ ಭಾರ ಬೇಡ. ವಾಪಸ್ ಎಳೆಯುವಾಗ ಫೈಲ್ ಎತ್ತಿ. ಕೊನೆಗೆ ಸಿಂಗಲ್ ಕಟ್ ಫೈಲನ್ನು (ಹಲ್ಲಿನ ಗೆರೆ ಒಂದೇ ದಿಕ್ಕಿಗಿರುವುದು) ಅಡ್ಡ ಹಿಡಿದು ಅಂಚಿನುದ್ದಕ್ಕೆ ಉಜ್ಜಿ, ಡ್ರಾ ಫೈಲಿಂಗ್ ಅಂದರೆ ಇದೇ. ಇನ್ನೂ ನುಣುಪು ಬೇಕಾದರೆ 320, 400 ನಂಬರಿನ ವಾಟರ್ ಪೇಪರನ್ನು (ನುಣುಪು ಉಪ್ಪು ಕಾಗದ) ಫೈಲಿಗೇ ಸುತ್ತಿ ಉಜ್ಜಿ.

ಹುಬ್ಬಳ್ಳಿಯವರು: ನಂದೂ ಗೀರು ಬೀಳುತ್ತದೆ ಸರ್. ಏನು ಮಾಡಲಿ?

ಮೇಷ್ಟ್ರು: ಮೇಲೆ ಓದಿ.

ಮೈಸೂರಿನವರು: ಒಂದು ಫಾರ್ವರ್ಡ್ ಬಂದಿದೆ. ಪುಡಿ ಕಟ್ಟಿಕೊಂಡ ಫೈಲನ್ನು ಕಾಸ್ಟಿಕ್ ಸೋಡಾ ನೀರಿನ ಬಾಟಲಿಯಲ್ಲಿಟ್ಟು, ಮುಚ್ಚಳ ಬಿಗಿದು ರಾತ್ರಿ ಬಿಡಬೇಕಂತೆ.

ಮೇಷ್ಟ್ರು: ಅಲ್ಯೂಮಿನಿಯಂ ಕರಗುತ್ತದೆ, ನಿಜ. ಜೊತೆಗೆ ಹೈಡ್ರೋಜನ್ ಬರುತ್ತದೆ, ಬಿಸಿಯೂ ಏರುತ್ತದೆ. ಬಾಟಲಿ ಸಿಡಿದು ಕಾಸ್ಟಿಕ್ ಕಣ್ಣಿಗೆ ಬಿದ್ದರೆ ಫಾರ್ವರ್ಡ್ ಮಾಡಿದವರು ಬರುತ್ತಾರಾ? ಬ್ರಷ್ ತಗೊಳ್ಳಿ.

ಹಾಸನದವರು: ನಾನು ಫೈಲಿನ ಗೋಜಿಗೇ ಹೋಗಲ್ಲ. ಉಳಿ ಮಸೆಯುವ ಬೆಂಚ್ ಗ್ರೈಂಡರಿಗೇ ಅಲ್ಯೂಮಿನಿಯಂ ಹಿಡಿಯುತ್ತೇನೆ. ಈಚೆಗೆ ಕಲ್ಲು ಮಿಂಚುತ್ತಿದೆ, ಸ್ವಲ್ಪ ಅದುರುತ್ತದೆ ಅಷ್ಟೇ.

ಮೇಷ್ಟ್ರು: ಮೊದಲು ಪ್ಲಗ್ ಕೀಳಿ. ಆಮೇಲೆ ಓದಿ. ಮಿಂಚುತ್ತಿರುವುದು ಕಲ್ಲಿನ ಸಂದಿಯಲ್ಲಿ ತುಂಬಿಕೊಂಡ ಅಲ್ಯೂಮಿನಿಯಂ. ಅಂಥ ಕಲ್ಲು ಕೊರೆಯುವುದಿಲ್ಲ, ಸುಮ್ನೆ ಉಜ್ಜಿ ಬಿಸಿಯಾಗುತ್ತದೆ. ಬಿಸಿಗೆ ಬಿರುಕು ಬಿಟ್ಟು, ತಿರುಗುತ್ತಿರುವಾಗಲೇ ಒಡೆದು ಹಾರಬಹುದು. ಅದುರುತ್ತಿದೆ ಅಂದರೆ ಆ ಕಲ್ಲು ಇನ್ನು ಬೇಡ, ಎಸೆಯಿರಿ. ಇನ್ನೊಂದು ಭಯ ಗ್ರೈಂಡರಿನ ಕೆಳಗಿದೆ. ಉಳಿಯ ಕಿಡಿ, ಅಂದರೆ ಉರಿದು ಆಕ್ಸೈಡಾದ ಕಬ್ಬಿಣ, ಬೀಳುವ ಜಾಗದಲ್ಲೇ ಅಲ್ಯೂಮಿನಿಯಂ ಪುಡಿಯೂ ಬೀಳುತ್ತಿದೆ. ರೈಲು ಹಳಿ ಬೆಸೆಯುವ ಥರ್ಮಿಟ್‌ನಲ್ಲಿ ಇರುವುದೂ ಕಬ್ಬಿಣದ ಆಕ್ಸೈಡು, ಅಲ್ಯೂಮಿನಿಯಂ ಪುಡಿ. ಹೊತ್ತಿಕೊಂಡರೆ ನೀರು ಹಾಕಲೇಬೇಡಿ, ಒಣ ಮರಳು ಮಾತ್ರ. ಪುಡಿ ಎಷ್ಟು ಸೇರಿದೆ? ಕಲ್ಲಿಗೆ ಗಾರ್ಡ್ (ರಕ್ಷಣಾ ಕವಚ) ಇದೆಯಾ?

ಪೀಣ್ಯದವರು: ಸುಮ್ನೆ ಹೆದರಿಸಬೇಡಿ ಸರ್. ನಮ್ಮ ಶಾಪಲ್ಲಿ ಎಲ್ಲರೂ ಹೀಗೇ ಮಾಡೋದು. ಸೀಮೆಸುಣ್ಣ ಐಟಿಐ ಹುಡುಗರಿಗೆ. ಫೈಲಿಗೆ ಸೀಮೆಎಣ್ಣೆ ಹಚ್ಚಿದರೆ ಸಾಕು.

ಬೆಳಗಾವಿಯವರು: ಸುಣ್ಣದ ಮೇಲೆ ಸೀಮೆಎಣ್ಣೆ ಹಾಕಿ ನೋಡಿ, ಗಂಜಿ ಆಗುತ್ತದೆ.

ಪೀಣ್ಯದವರು: ಎರಡೂ ಹಾಕಿ ಅಂತ ಯಾರು ಹೇಳಿದರು? ಹಿಡಿ ಇಲ್ಲದ ಫೈಲಿನ ಫೋಟೋ ಹಾಕಿದವರು ನೀವೇ ತಾನೇ?

ಬೆಳಗಾವಿಯವರು: ಅದು ಮಾರೋಕೆ ಇಟ್ಟಿದ್ದು. ನಿಮ್ಮ ಕೆಲಸದ ಫೋಟೋ ಹಾಕಿ, ನೋಡೋಣ.

ಉಡುಪಿಯವರು: ಅಲ್ಯೂಮಿನಿಯಂಗೆ ಬಳಸುವ ಬಾಗು ಹಲ್ಲಿನ ಫೈಲ್ ಎಲ್ಲಿ ಸಿಗುತ್ತದೆ?

ಶಿವಮೊಗ್ಗದವರು: ಸರ್, ಗೀರು ಬೀಳದಂತೆ ಏನು ಮಾಡಬೇಕು?

ಮೇಷ್ಟ್ರು: ಮೇಲೆ. ಸುಣ್ಣ ಅಥವಾ ಸೀಮೆಎಣ್ಣೆ, ಯಾವುದೋ ಒಂದು. ಜಗಳ ಬೇರೆ ಕಡೆ ಮಾಡಿ. ಹಾಸನದವರು ಎಲ್ಲಿ?

ಹಾಸನದವರು: ಪ್ಲಗ್ ಕಿತ್ತಿದ್ದೇನೆ. ಗಾರ್ಡ್ ಮೊದಲೇ ಬಿಚ್ಚಿಟ್ಟಿದ್ದೆ, ಅಡ್ಡ ಬರುತ್ತೆ ಅಂತ.

ಮೇಷ್ಟ್ರು: ಹಾಗಾದರೆ ಉಳಿಯನ್ನೂ ಅದರಲ್ಲಿ ಮಸೆಯಬೇಡಿ. ಹೊಸ ಕಲ್ಲು, ಗಾರ್ಡ್, ಎರಡೂ ಕೂತ ಮೇಲೆ ಫೋಟೋ ಕಳಿಸಿ.